ಮಾಸ್ತರು ಎರಡನೇ ಗೇರು ಮರೆತರು

ಶಿಕಾರಿಪುರದಲ್ಲಿ ಯಾರಿಗಾದರೂ ಕಾರು ಓಡಿಸಲು ಬರುತ್ತದೆ ಎಂದರೆ ಅವರು ವೀರಬಸಪ್ಪ ಮಾಸ್ತರ ಹತ್ತಿರ ಬೈಸಿಕೊಂಡವರು ಎಂದೇ ತಿಳಿಯಬೇಕು. ಇಪ್ಪತ್ತಾರು ವರ್ಷದಿಂದ ಮಾಸ್ತರು ಡ್ರೈವಿಂಗ್ ಸ್ಕೂಲು ನಡೆಸುತ್ತಿದ್ದರು. ಡಾಕ್ಟರು, ವಕೀಲರು, ಶುಂಠಿ ವ್ಯಾಪಾರದವರು, ಮೆಕ್ಕೆಜೋಳದ ಮಂಡಿಯವರು, ಎಲ್ಲರೂ ಅವರ ಬಿಳಿ ಕಾರಿನಲ್ಲಿ ಕೂತು ಕೆರೆ ಏರಿಯ ಮೇಲೆ ಬೆವರು ಸುರಿಸಿದವರೇ.

ಅವರ ಪಾಠದಲ್ಲೊಂದು ವಿಶೇಷವಿತ್ತು. ಮೀಟರು ನೋಡಿ ಗೇರು ಹಾಕಲು ಬಿಡುತ್ತಿರಲಿಲ್ಲ. ಕಣ್ಣು ರಸ್ತೆಗೆ, ಕಿವಿ ಇಂಜಿನ್ನಿಗೆ, ಅದು ಕೂಗಿದಾಗ ಗೇರು ಕೊಡಬೇಕು. ಹಸಿದ ಕೂಸು ಅತ್ತರೆ ಗಡಿಯಾರ ನೋಡಿ ಹಾಲು ಕೊಡ್ತೀರೇನು ಎಂದು ಗದರುತ್ತಿದ್ದರು. ಹೀಗಾಗಿ ಇಡೀ ಊರಿಗೇ ಕಿವಿ ಚುರುಕಾಗಿತ್ತು. ಕಟ್ಟೆಯ ಮೇಲೆ ಪೇಪರು ಓದುತ್ತಾ ಕೂತವರು ತಲೆಯೆತ್ತದೆ, ಮೂರನೆಯದಕ್ಕೆ ಅವಸರ ಮಾಡಿದ, ಎರಡನೆಯದರಲ್ಲಿ ಜಾಸ್ತಿ ಎಳೆದ ಎಂದು ತೀರ್ಪು ಕೊಡುವರು. ಈ ವಿದ್ಯೆ ಒಂದು ದಿನ ಗುರುವಿನ ಕುತ್ತಿಗೆಗೇ ಬರುತ್ತದೆ ಎಂದು ಪಾಪ ಗುರುವಿಗೆ ಹೊಳೆದಿರಲಿಲ್ಲ.

ಮೊದಲು ಹೋದದ್ದು ಮಾಸ್ತರ ಕಾಲಿನ ಮಂಡಿ. ಕಲಿಸುವವರು ಕೂರುವ ಎಡಸೀಟಿನ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತದೆ. ಕಲಿಯುವವರು ಕ್ಲಚ್ಚು ಒತ್ತಲು ಮರೆತಾಗಲೆಲ್ಲ ಮಾಸ್ತರು ತಮ್ಮ ಎಡಗಾಲಿನಲ್ಲಿ ಒತ್ತಿಬಿಡುವರು. ಕಲಿಯುವವರು ಮರೆಯುವುದೇ ಜಾಸ್ತಿ. ಇಪ್ಪತ್ತಾರು ವರ್ಷ ಊರವರ ಕ್ಲಚ್ಚನ್ನೆಲ್ಲ ಒಬ್ಬರೇ ಒತ್ತಿ ಒತ್ತಿ ಎಡ ಮಂಡಿ ಸವೆದು, ಬೆಳಗ್ಗೆ ಎದ್ದರೆ ಮೆಟ್ಟಿಲು ಇಳಿಯುವುದೇ ಒಂದು ಕೆಲಸವಾಯಿತು. ಶಿವಮೊಗ್ಗದ ಮೂಳೆ ಡಾಕ್ಟರು ಫೋಟೋ ನೋಡಿ, ಇನ್ನು ಕ್ಲಚ್ಚಿನ ಸಹವಾಸ ಬಿಡಿ ಎಂದರು. ಅರ್ಚಕರಿಗೆ ಗಂಟೆ ಮುಟ್ಟಬೇಡಿ ಎಂದಂತಾಯಿತು.

ಈ ವಿಷಯ ಹೆಂಡತಿ ರಾಜೇಶ್ವರಮ್ಮನ ಹೊರತು ಯಾರಿಗೂ ತಿಳಿಯಬಾರದು ಎಂದು ಮಾಸ್ತರು ಪಣ ತೊಟ್ಟರು. ಅದಕ್ಕೆ ಕಾರಣವೂ ಇತ್ತು. ಎದುರು ರಸ್ತೆಯಲ್ಲಿ ಏಸಿ ಕಾರಿನ ಹೊಸ ಸ್ಕೂಲೊಂದು ಶುರುವಾಗಿತ್ತು. ಅಷ್ಟಿದ್ದರೂ ಜನ ಮಕ್ಕಳನ್ನು ಇಲ್ಲಿಗೇ ಕಳಿಸುತ್ತಿದ್ದರು, ಮಾಸ್ತರ ಕಾಲು ಕೆಳಗಿದೆ, ಏನೂ ಆಗಲ್ಲ ಎಂಬ ಧೈರ್ಯದ ಮೇಲೆ. ಆ ಕಾಲೇ ಹೋಗಿದೆ ಎಂದು ಗೊತ್ತಾದರೆ ಸ್ಕೂಲಿನ ಬಾಗಿಲು ಹಾಕಬೇಕಾಗುತ್ತದೆ. ಐವತ್ತೆಂಟನೇ ವಯಸ್ಸಿನಲ್ಲಿ ಬೇರೆ ಕಸುಬು ಕಲಿಯಲು ಮಾಸ್ತರಿಗೆ ಚೈತನ್ಯವೂ ಇರಲಿಲ್ಲ, ಮನಸ್ಸೂ ಇರಲಿಲ್ಲ.

ಪಾಠದ ಹೊತ್ತಿನಲ್ಲಿ ಹೇಗೋ ಹಲ್ಲು ಕಚ್ಚಿ ತಡೆದುಕೊಂಡರೂ ಮಿಕ್ಕ ಓಡಾಟಕ್ಕಾದರೂ ಕಾಲಿಗೆ ಬಿಡುವು ಬೇಕಲ್ಲ. ಸೊರಬದಲ್ಲಿ ಹಳೇ ಗಾಡಿ ಕೊಟ್ಟು ಕೊಳ್ಳುವ ವ್ಯಾಪಾರ ಮಾಡುತ್ತಿದ್ದ ಹೆಂಡತಿಯ ತಮ್ಮ ಸಿದ್ಧಲಿಂಗೇಶನ ಕಿವಿಯಲ್ಲಿ ವಿಷಯ ಹೇಳಿದರು. ಅವನು ಹದಿನೈದು ದಿನದಲ್ಲಿ ಒಂದು ಕಾರು ತಂದು ನಿಲ್ಲಿಸಿದ. ಪೆಟ್ರೋಲೂ ಉಂಟು, ಬ್ಯಾಟರಿಯೂ ಉಂಟು, ಕ್ಲಚ್ಚು ಇಲ್ಲ. ಯಾರೋ ಮಂಗಳೂರಿನವರು ಇಟ್ಟುಕೊಂಡಿದ್ದ ಹಳೇ ಮಾಡೆಲ್ಲು, ಈ ಕಡೆ ಯಾರೂ ಕಂಡಿರದ ಗಾಡಿ.

ಇಲ್ಲೊಂದು ಸಂಕಟವಿದೆ. ಗೇರಿಲ್ಲದ ಗಾಡಿಯನ್ನು ಮಾಸ್ತರು ಇಷ್ಟು ವರ್ಷ ತೊಟ್ಟಿಲು ಎಂದು ಕರೆಯುತ್ತಿದ್ದರು. ಆಟೋಮ್ಯಾಟಿಕ್ ಕೊಂಡ ಶಿಷ್ಯರು ಎದುರಾದರೆ, ಹಾಲು ಕುಡಿದ್ರಾ ಎಂದು ನಾಲ್ಕು ಜನರ ಮುಂದೆ ಕೇಳುತ್ತಿದ್ದರು. ಈಗ ತಾವೇ ತೊಟ್ಟಿಲು ಹತ್ತಿದೆವೆಂದು ಯಾವ ಮುಖದಲ್ಲಿ ಹೇಳಿಯಾರು? ಗೇರಿನ ಕಡ್ಡಿಯ ಬುಡದಲ್ಲಿದ್ದ ಅಕ್ಷರಗಳು ಕಾಣದಂತೆ ಕರೀ ರೆಕ್ಸಿನ್ನಿನ ಕುಲಾವಿ ಹೊಲಿಸಿದರು. ಯಾರಿಗೂ ಹೇಳಕೂಡದು ಎಂದು ಭಾವಮೈದುನನಿಂದ ಮನೆದೇವರ ಮೇಲೆ ಆಣೆ ಹಾಕಿಸಿಕೊಂಡರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಿದ್ದು ಹೀಗೆಯೇ.

ಆಣೆಗೆ ಮುಂಚೆ ಸಿದ್ಧಲಿಂಗೇಶ ಊಟದ ತಟ್ಟೆಯ ಮೇಲೆ ಆ ಗಾಡಿಯ ಹೊಟ್ಟೆಯೊಳಗಿನ ಕಥೆ ವಿವರಿಸಿದ್ದ. ನಡುವೆ ಒಂದು ಲೋಟ ಇಟ್ಟ, ಅದಕ್ಕೆ ತಾಗಿದಂತೆ ಸುತ್ತ ನಾಲ್ಕು ನಿಂಬೆಹಣ್ಣು, ಅವೆಲ್ಲವನ್ನೂ ಬಳಸಿ ಹೊರಗಡೆ ಹಿಟ್ಟು ಜರಡಿಯ ಬಳೆ. ನಡುವಿನ ಹಲ್ಲಿನ ಚಕ್ರಕ್ಕೆ ಸೂರ್ಯ ಅಂತಾರೆ ಭಾವ, ಸುತ್ತುವ ಸಣ್ಣವಕ್ಕೆ ಗ್ರಹ ಅಂತಾರೆ ಎಂದ. ಇಂಜಿನ್ನು ಈ ನಿಂಬೆಹಣ್ಣುಗಳನ್ನು ಹೊತ್ತು ತಿರುಗಿಸುತ್ತದೆ, ಒಂದು ಕರೆಂಟಿನ ಮೋಟಾರು ನಡುವಿನ ಲೋಟವನ್ನು ಹಿಡಿಯುತ್ತದೆ, ಹೊರಗಿನ ಬಳೆ ಗಾಲಿಗೆ ಹೋಗುತ್ತದೆ. ಲೋಟ ಎಷ್ಟು ಜೋರಾಗಿ ತಿರುಗಬೇಕೆಂದು ಮೋಟಾರು ಕ್ಷಣಕ್ಷಣಕ್ಕೂ ಬದಲಿಸುತ್ತಾ ಹೋದರೆ ಗಾಲಿಯ ವೇಗ ತಾನಾಗಿ ಹೆಚ್ಚುತ್ತದೆ, ಕಡಿಮೆಯಾಗುತ್ತದೆ. ಇಂಜಿನ್ನು ಮಾತ್ರ ಒಂದೇ ಹದದಲ್ಲಿ ಇದ್ದುಬಿಡಬಹುದು.

ಇಪ್ಪತ್ತಾರು ವರ್ಷ ಗೇರು ಕಲಿಸಿದ ಮಾಸ್ತರು ಒಂದು ನಿಂಬೆಹಣ್ಣನ್ನು ಬೆರಳಲ್ಲಿ ತಿರುಗಿಸಿ ನೋಡಿದರು. ಹಂಗಾದ್ರೆ ಒಂದು ಬಿಟ್ಟು ಇನ್ನೊಂದು ಹಿಡಿಯೋದು ಯಾವಾಗ ಎಂದು ಕೇಳಿದರು. ಬಿಡೋದೇ ಇಲ್ಲ ಭಾವ, ಎಲ್ಲಾ ಹಲ್ಲೂ ಯಾವಾಗಲೂ ಕಚ್ಚಿಕೊಂಡೇ ಇರ್ತವೆ ಎಂದ ಸಿದ್ಧಲಿಂಗೇಶ. ನಮ್ಮ ಅತ್ತೆ ಮನೆ ಇದ್ದಂಗೆ ಎಂದು ರಾಜೇಶ್ವರಮ್ಮ ನಿಂಬೆಹಣ್ಣುಗಳನ್ನು ಎತ್ತಿಕೊಂಡು ಉಪ್ಪಿನಕಾಯಿಗೆ ಹೋದರು. ಮಾಸ್ತರಿಗೆ ಆ ದಿನ ಅದು ಅರ್ಥವಾಗಲಿಲ್ಲ, ಆಮೇಲೂ ಪೂರ್ತಿಯಾಗಿ ಅರ್ಥವಾಯಿತೆಂದು ಹೇಳಲಾಗದು.

ಅರ್ಥವಾಗದಿದ್ದರೂ ಕಾಲಿಗೆ ಸುಖವಾಯಿತು. ಮೊದಲ ವಾರ ಮಾಸ್ತರು ತೊಗರ್ಸಿಗೆ ಹೋಗಿ ಬಂದರು, ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗಿ ಬಂದರು, ಎಡಗಾಲನ್ನು ಆರಾಮವಾಗಿ ಚಾಚಿಕೊಂಡು. ಎರಡನೇ ವಾರ ಪಕ್ಕದ ಮನೆಯ ಉಚ್ಚಂಗಮ್ಮ ಬೇಲಿಯ ಮೇಲಿಂದ ರಾಜೇಶ್ವರಮ್ಮನನ್ನು ಕರೆದು, ಮಾಸ್ತರಿಗೆ ಮೈ ಹುಷಾರಿಲ್ವೇನ್ರೀ ಎಂದು ಮೆತ್ತಗೆ ಕೇಳಿದರು. ಉಚ್ಚಂಗಮ್ಮ ಹತ್ತೊಂಬತ್ತು ವರ್ಷದ ಹಿಂದಿನ ಶಿಷ್ಯೆ, ಕಿವಿಯಲ್ಲಿ ಮೊದಲ ದರ್ಜೆ.

ಆದದ್ದಿಷ್ಟು. ಕೆರೆ ಏರಿ ಹತ್ತುವಾಗ ಆ ಕಾರು ಶುರುವಿನಿಂದ ಕೊನೆಯವರೆಗೆ ಒಂದೇ ಸಮನೆ ಗೊಂಯ್ ಎನ್ನುತ್ತಿತ್ತು. ಏರಿಳಿತವಿಲ್ಲ. ಕಟ್ಟೆಯ ಮೇಲಿನವರು ಮೊದಲ ದಿನ ಪೇಪರು ಕೆಳಗಿಟ್ಟರು. ಎರಡನೇ ದಿನ ಎದ್ದು ನಿಂತರು. ಮೂರನೇ ದಿನ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮಾಸ್ತರು ಫಸ್ಟ್ ಗೇರಲ್ಲೇ ಹೋಗ್ತಿದ್ದಾರೆ ಎಂಬ ಘೋರ ಸತ್ಯವನ್ನು ಬಾಯಿಬಿಟ್ಟು ಹೇಳಿದರು. ಆಟೋಮ್ಯಾಟಿಕ್ ಇರಬಹುದು ಎಂದು ಯಾರೋ ಸಂಶಯ ಎತ್ತಿದರು. ಅದಕ್ಕೆ ವಕೀಲರೊಬ್ಬರು, ನಮ್ಮ ಅಳಿಯಂದು ಆಟೋಮ್ಯಾಟಿಕ್ಕೇ, ಅದು ತಾನೇ ಗೇರು ಹಾಕ್ಕೊಳ್ಳೋದು ನಮಗೆ ಕೇಳ್ಸುತ್ತೆ, ಬಸ್ ಸ್ಟ್ಯಾಂಡಿಂದ ಕೆರೆಗೆ ಬರೋಷ್ಟರಲ್ಲಿ ಮೂರು ಸಲ, ಇದು ಒಂದು ಸಲವೂ ಹಾಕ್ಕೊಳ್ಳಲಿಲ್ಲ ಎಂದು ಸಾಕ್ಷಿ ನುಡಿದರು. ಮೇಲಾಗಿ ಮಾಸ್ತರು ತೊಟ್ಟಿಲು ಹತ್ತುತ್ತಾರೆಯೇ? ಆ ಪ್ರಶ್ನೆಗೆ ಎಲ್ಲರೂ ನಕ್ಕರು. ಹಾಗಾಗಿ ಉಳಿದದ್ದು ಒಂದೇ ತೀರ್ಮಾನ: ಮಾಸ್ತರಿಗೆ ಎರಡನೇ ಗೇರು ಮರೆತುಹೋಗಿದೆ.

ಸಂತೆಯ ದಿನ ಇನ್ನೂ ಒಂದಾಯಿತು. ಜನಸಂದಣಿಯಲ್ಲಿ ನಿಧಾನಕ್ಕೆ ಹೋಗುವಾಗ ಆ ಕಾರಿನ ಇಂಜಿನ್ನು ತಾನಾಗಿ ನಿಂತು, ಬ್ಯಾಟರಿಯ ಮೇಲೆ ಸದ್ದಿಲ್ಲದೆ ಸಾಗುತ್ತದೆ. ಮಾಸ್ತರು ಗಂಭೀರವಾಗಿ ಸ್ಟೇರಿಂಗ್ ಹಿಡಿದು, ಇಂಜಿನ್ನೇ ಇಲ್ಲದ ಗಾಡಿಯಲ್ಲಿ ಕೂತು ಸಂತೆ ದಾಟಿದ್ದನ್ನು ಊರು ಕಣ್ಣಾರೆ ಕಂಡಿತು. ಗಾಡಿ ಆಫಾಗಿ ಇಳಿಜಾರಿಗೆ ಉರುಳ್ತಿದ್ರೂ ತಿಳೀಲಿಲ್ಲ ಪಾಪ ಎಂದು ಟೊಮೇಟೊ ಮಾರುವಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳಂತೆ. ಆಕೆಗೆ ಗಾಡಿ ಓಡಿಸಲು ಬರುವುದಿಲ್ಲ, ಆದರೂ ದುಃಖಕ್ಕೆ ಲೈಸೆನ್ಸು ಬೇಡ.

ಅಲ್ಲಿಂದ ಮುಂದೆ ಮಾಸ್ತರಿಗೆ ಉಪಚಾರ ಶುರುವಾಯಿತು. ರಸ್ತೆಯಲ್ಲಿ ಸಿಕ್ಕವರು, ಮಾಸ್ತ್ರೇ, ನಾನು ಯಾರು ಹೇಳಿ ನೋಡೋಣ ಎಂದು ಮಗುವನ್ನು ಮಾತಾಡಿಸುವ ದನಿಯಲ್ಲಿ ಕೇಳತೊಡಗಿದರು. ಮಾಸ್ತರು ರೇಗಿ, ನೀನು ಏಳು ಸಲ ಕಂಬಕ್ಕೆ ಗುದ್ದಿದವನು ಎಂದರೆ, ಹಳೇದೆಲ್ಲ ನೆನಪಿರುತ್ತೆ, ಹೊಸದೇ ಮರೆಯೋದು, ಇದೇ ಲಕ್ಷಣ ಎಂದು ತಲೆಯಾಡಿಸುವರು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಶಿಕಾರಿಪುರದಲ್ಲಿ ಬೆಲೆಯಿಲ್ಲ. ಜ್ಞಾಪಕಕ್ಕೆ ಒಳ್ಳೆಯದೆಂದು ಉಚ್ಚಂಗಮ್ಮ ಹಿತ್ತಲಿನ ಒಂದೆಲಗ ಕಿತ್ತು ತಂಬುಳಿ ಮಾಡಿ ತಂದರು. ಮರುದಿನ ಡಾಕ್ಟರ ಮನೆಯಿಂದ ಒಂದೆಲಗದ ಚಟ್ನಿ ಬಂತು, ಅದರ ಮರುದಿನ ವಕೀಲರ ಮನೆಯಿಂದ ಒಂದೆಲಗದ ಗೊಜ್ಜು. ಒಂದು ತಿಂಗಳು ಆ ಮನೆಯಲ್ಲಿ ಬೇರೆ ಹಸಿರು ಬೇಯಲಿಲ್ಲ. ಮಾಸ್ತರು ತಟ್ಟೆಯ ಮುಂದೆ ಕೂತು, ಇದನ್ನಾದರೂ ಮರೀತೀನಾ ನೋಡೋಣ ಎಂದು ದಣಿದ ದನಿಯಲ್ಲಿ ಹೇಳುತ್ತಿದ್ದರು.

ಸತ್ಯ ಗೊತ್ತಿದ್ದ ಸಿದ್ಧಲಿಂಗೇಶನನ್ನು ಜನ ಸೊರಬಕ್ಕೇ ಹೋಗಿ ಹಿಡಿದರು. ಏನಾಗಿದೆ ನಿಮ್ಮ ಭಾವನಿಗೆ, ಹೇಳಿ ಮಾರಾಯ್ರೇ ಎಂದರು. ಹೇಳಿದರೆ ದೇವರ ಆಣೆ, ಹೇಳದಿದ್ದರೆ ಭಾವನ ಮಾನ. ಅಡಕತ್ತರಿಯಲ್ಲಿ ಸಿಕ್ಕ ಅವನು ಏನೂ ಹೇಳದೆ ದೀರ್ಘವಾಗಿ ನಿಟ್ಟುಸಿರು ಬಿಟ್ಟ. ಆ ಒಂದು ನಿಟ್ಟುಸಿರಿನಿಂದ ಊರಿಗೆ ಇದ್ದಬದ್ದ ಸಂಶಯವೂ ಪರಿಹಾರವಾಯಿತು.

ರಾಜೇಶ್ವರಮ್ಮ ಒಂದು ದಿನ ಬಾಗಿಲು ಹಾಕಿಕೊಂಡು ಗಂಡನಿಗೆ ಹೇಳಿದರು, "ತಲೆ ಕೆಟ್ಟೈತಿ ಅನ್ನಿಸ್ಕೊಳ್ಳೋದಕ್ಕಿಂತ ಕಾಲು ಕೆಟ್ಟೈತಿ ಅಂತ ಹೇಳೋದು ವಾಸಿ ಅಲ್ವೇನ್ರೀ?" ಮಾಸ್ತರು ಮಂಡಿಗೆ ಎಣ್ಣೆ ತಿಕ್ಕುತ್ತಾ, "ತಲೆ ಸರಿ ಇರೋದನ್ನ ನಾಳೆ ತೋರಿಸ್ಬಹುದು. ಕಾಲು ಸರಿ ಇಲ್ದಿರೋದನ್ನ ಹೇಳಿದ್ಮೇಲೆ ಏನು ತೋರಿಸ್ಲಿ?" ಎಂದರು. ಅಷ್ಟರಲ್ಲಿ ಸ್ಕೂಲಿಗೆ ಬರುತ್ತಿದ್ದ ಒಂಬತ್ತು ಜನರಲ್ಲಿ ಎಂಟು ಜನ ಎದುರು ರಸ್ತೆಗೆ ದಾಟಿ ಆಗಿತ್ತು.

ಉಳಿದವಳು ಮಾಳಮ್ಮ. ಊರಾಚೆ ಕುರಿ ಸಾಕಿಕೊಂಡಿದ್ದ ಗುತ್ಯಪ್ಪನ ಹೆಂಡತಿ, ನಲವತ್ತೈದರ ಹೆಂಗಸು. ಕುರಿ ಸಾಗಿಸಲು ಸಣ್ಣ ಲಗೇಜು ಗಾಡಿ ತೆಗೆದುಕೊಂಡಿದ್ದರು, ಗುತ್ಯಪ್ಪನಿಗೆ ಕಣ್ಣು ಮಂಜು. ಮೂರು ತಿಂಗಳಿಂದ ಕಲಿಯುತ್ತಿದ್ದರೂ ಆಕೆಗೆ ಕ್ಲಚ್ಚು ಒಲಿದಿರಲಿಲ್ಲ. ಆಕೆ ಯಾಕೆ ಬಿಟ್ಟು ಹೋಗಲಿಲ್ಲವೋ ಮಾಸ್ತರಿಗೂ ತಿಳಿಯದು, ಕೇಳಿ ಆಕೆಯೂ ಹೋದರೆ ಎಂದು ಕೇಳಲೂ ಇಲ್ಲ.

ಊರ ಬಾಯಿ ಕೊನೆಗೆ ಬ್ರೇಕ್ ಇನ್ಸ್‌ಪೆಕ್ಟರ ಕಿವಿಗೂ ಮುಟ್ಟಿತು. ಆ ಹುದ್ದೆಗೆ ಹೊಸದಾಗಿ ಬಂದವರು ಚೈತ್ರಶ್ರೀ ಎಂಬ ಮೇಡಂ, ಮೂವತ್ತರ ಒಳಗಿನವರು. ಮಾಸ್ತರ ಕಲಿಸುವ ಪರವಾನಗಿಯ ನವೀಕರಣ ಅದೇ ತಿಂಗಳು ಬರಬೇಕೇ? ಲೈಸೆನ್ಸು ಟೆಸ್ಟಿಗೆಂದು ಆಫೀಸಿನವರು ಊರಿಗೆ ಬರುವ ಕ್ಯಾಂಪಿನ ದಿನ ಕರೆಸಿದರು. ದೂರು ಬಂದಿರುವ ಗಾಡಿ ಯಾವುದು ಎಂದು ಕಾಗದ ತರಿಸಿ ನೋಡಿ ಮೇಡಂ ನಕ್ಕುಬಿಟ್ಟರು.

"ಇದರಲ್ಲಿ ಗೇರು ಬದಲಾಗೋದೇ ಇಲ್ವಲ್ಲ ಸರ್. ಪ್ಲಾನೆಟರಿ ಗೇರು, ನಮ್ಮ ತಂದೆ ಹತ್ರಾನೂ ಇದೇ ಇದೆ. ಹೊರಗಿರೋ ಜನಕ್ಕೆ ಒಂದು ಮಾತು ಹೇಳಿಬಿಡ್ತೀನಿ, ಮುಗೀತು."

ಒಂದು ತಿಂಗಳ ಒಂದೆಲಗ ಒಂದು ಮಾತಿನಲ್ಲಿ ಮುಗಿಯುವುದಿತ್ತು. ಆದರೆ ಆ ಮಾತಿನ ಹಿಂದೆಯೇ, ಗೇರಿನ ಮಾಸ್ತರು ಇದನ್ನು ಯಾಕೆ ಕೊಂಡರು ಎಂಬ ಪ್ರಶ್ನೆ ಬರುತ್ತದೆ, ಅದರ ಹಿಂದೆ ಮಂಡಿ ಬರುತ್ತದೆ. ಮಾಸ್ತರು ಕೈ ಮುಗಿದರು. ಹೇಳಬೇಡಿ ಮೇಡಂ, ಸ್ಕೂಲಿನ ಕಾರಿನಲ್ಲೇ ನನ್ನ ಪರೀಕ್ಷೆ ಮಾಡಿ ಎಂದರು. ಮೇಡಂಗೆ ಏನೂ ಅರ್ಥವಾಗಲಿಲ್ಲ, ಆದರೆ ಹಿರಿಯರು ಕೈ ಮುಗಿದದ್ದು ನೋಡಿ ಎದ್ದರು.

ಪರೀಕ್ಷೆಯ ಮೈದಾನದ ತುದಿಗೊಂದು ದಿಬ್ಬವಿತ್ತು. ಅರ್ಧ ಊರು ಅಲ್ಲಿ ನೆರೆದಿತ್ತು. ದಿಬ್ಬದ ನಡುವೆ ನಿಲ್ಲಿಸಿ, ಹ್ಯಾಂಡ್ ಬ್ರೇಕು ಹಾಕದೆ, ಕಾಲಿನ ಬ್ರೇಕನ್ನೂ ಮುಟ್ಟದೆ, ಬರೀ ಹಾಫ್ ಕ್ಲಚ್ಚಿನ ಮೇಲೆ ಒಂದು ನಿಮಿಷ ಗಾಡಿ ಹಿಡಿಯಬೇಕು, ಆಮೇಲೆ ಮೇಲೆ ಹತ್ತಿ ನಾಲ್ಕೂ ಗೇರು ತೋರಿಸಬೇಕು ಎಂದಾಯಿತು. ಹಿಂದಿನ ಗಾಲಿಗೆ ಒಂದು ಬೆರಳಷ್ಟು ದೂರದಲ್ಲಿ ಬೆಂಕಿಪೊಟ್ಟಣ ಇಟ್ಟರು. ಗಾಡಿ ಹಿಂದೆ ಸರಿದರೆ ಪೊಟ್ಟಣ ಅಪ್ಪಚ್ಚಿ, ಮಾಸ್ತರ ಹೆಸರೂ ಅಪ್ಪಚ್ಚಿ.

ಮೇಡಂ ಎಡಸೀಟಿನಲ್ಲಿ ಕೂತು ಗಡಿಯಾರ ನೋಡತೊಡಗಿದರು. ಮಾಸ್ತರು ಕ್ಲಚ್ಚನ್ನು ಅರ್ಧಕ್ಕೆ ತಂದು ನಿಲ್ಲಿಸಿದರು. ಮಂಡಿಯೊಳಗೆ ಯಾರೋ ಮೊಳೆ ಹೊಡೆಯುತ್ತಿದ್ದಂತಿತ್ತು. ಊರವರು ಕಣ್ಣು ಮುಚ್ಚಿ ಕಿವಿಗೊಟ್ಟರು. ಹತ್ತು ಸೆಕೆಂಡು, ಇಪ್ಪತ್ತು, ನಲವತ್ತು. ಮಾಸ್ತರ ಕಣ್ಣಿಂದ ನೀರು ಇಳಿದು ಮೀಸೆಗೆ ಬಂತು, ಗಾಡಿ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಅರವತ್ತು ಎಂದು ಮೇಡಂ ಹೇಳುತ್ತಲೂ ದಿಬ್ಬ ಹತ್ತಿ, ಒಂದು, ಎರಡು, ಮೂರು, ನಾಲ್ಕು ಎಂದು ಊರಿಗೆ ಕೇಳುವಂತೆ ಗೇರು ಬದಲಿಸಿ, ಸುತ್ತಿ ಬಂದು ನಿಲ್ಲಿಸಿದರು. ಜನ ಚಪ್ಪಾಳೆ ತಟ್ಟಿದರು. ಒಂದೆಲಗ ಕೆಲಸ ಮಾಡಿತು ಎಂದು ಉಚ್ಚಂಗಮ್ಮ ಎಲ್ಲರಿಗೂ ಹೇಳಿದರು.

ಮಾಸ್ತರು ಮಾತ್ರ ಕಾರಿನಿಂದ ಇಳಿಯಲಿಲ್ಲ. ಯಾರೋ ಹಾರ ತರಲು ಓಡಿದರು, ಇಳೀರಿ ಮಾಸ್ತ್ರೇ ಎಂದು ನಾಲ್ಕು ಜನ ಕರೆದರು. ಸ್ವಲ್ಪ ಕೂತಿರ್ತೀನಿ ಎಂದರು ಮಾಸ್ತರು. ಆಗ ಮಾಳಮ್ಮ ಜನರನ್ನು ಸರಿಸಿಕೊಂಡು ಕಿಟಕಿಯ ಹತ್ತಿರ ಬಂದು ಬಗ್ಗಿ, ಹೊರಗಿನವರಿಗೆ ಕೇಳದಂತೆ ಮಾತಾಡಿದಳು.

"ಎಡಗಾಲು ಏಳವಲ್ದು ಅಲ್ರೀ ಮಾಸ್ತ್ರೇ?"

ಮಾಸ್ತರು ಎರಡೂ ಕೈಯಲ್ಲಿ ಮಂಡಿ ಮುಚ್ಚಿಕೊಂಡರು.

"ಮೂರು ತಿಂಗಳಿಂದ ನೋಡ್ತಿದೀನ್ರೀ. ಕುಂಟೋ ಕುರಿ ಯಾವಾಗ್ಲೂ ಹಿಂಡಿನ ನಡುವೆನೇ ನುಗ್ಗತೈತಿ, ಯಾರೂ ನೋಡಬಾರ್ದು ಅಂತ. ಕುರಿ ಕಾಯೋರಿಗೆ ಕಾಣಂಗಿಲ್ಲೇನ್ರೀ ಅದು?"

"ಹೌದು ಮಾಳಮ್ಮ," ಎಂದರು ಮಾಸ್ತರು. "ಕಾಲು ಹೋಗೈತಿ. ನಂಗೂ ಸಾಕಾಗೈತಿ."

ಇಷ್ಟು ಹೇಳಿದ್ದೇ ಎದೆ ಹಗುರಾಗಿ ಅವರಿಗೆ ಅಳು ಬಂತು. ಪಕ್ಕದಲ್ಲಿ ಕೂತು ಫಾರಂ ಬರೆಯುತ್ತಿದ್ದ ಮೇಡಂಗೆ ಈಗ ಎಲ್ಲವೂ ಅರ್ಥವಾಯಿತು. ಅವರು ಇಳಿದು, ಟೆಸ್ಟಿಗೆ ಬೇರೆಯವರು ಕಾಯ್ತಿದ್ದಾರೆ, ಮೈದಾನ ಖಾಲಿ ಮಾಡಿ ಎಂದು ಜನರನ್ನೆಲ್ಲ ಸರ್ಕಾರಿ ದನಿಯಲ್ಲಿ ಊರಿನ ಕಡೆ ಅಟ್ಟಿದರು. ಆಮೇಲೆ ಅವರೊಂದು ಕಡೆ, ಮಾಳಮ್ಮ ಒಂದು ಕಡೆ ಹಿಡಿದು ಮಾಸ್ತರನ್ನು ಎಡಸೀಟಿಗೆ ಸಾಗಿಸಿದರು. ಮಾಸ್ತರು ಪರವಾನಗಿಯ ಕಾಗದದ ಕಡೆ ನೋಡಿ, ಇನ್ನು ಅದೇಕೆ ಮೇಡಂ ಎಂದರು.

ಮೇಡಂ ಸಹಿ ಹಾಕಿ ಕೊಟ್ಟರು. "ಪಕ್ಕದಲ್ಲಿ ಕೂರೋರಿಗೆ ಬೇಕಾಗಿರೋದು ಬ್ರೇಕು. ಅದು ಬಲಗಾಲಿನ ಕೆಲಸ. ಕ್ಲಚ್ಚು ಕಲಿಯೋರೇ ಒತ್ತಲಿ ಸರ್, ಆಫಾದ್ರೆ ಆಫಾಗ್ಲಿ. ನೀವು ಒತ್ತಿ ಕೊಡ್ತಾ ಇದ್ರೆ ಅವರು ಕಲಿಯೋದು ಯಾವಾಗ?"

ಇಪ್ಪತ್ತಾರು ವರ್ಷದಲ್ಲಿ ಈ ಮಾತು ಮಾಸ್ತರಿಗೆ ಹೊಳೆದಿರಲಿಲ್ಲ. ಮಾಳಮ್ಮನಿಗೆ ಮೂರು ತಿಂಗಳಿಂದ ಕ್ಲಚ್ಚು ಬಾರದೇ ಇದ್ದುದಕ್ಕೆ ಮಾಳಮ್ಮ ಕಾರಣವಲ್ಲ ಎಂದು ಈಗ ಗೊತ್ತಾಗಿ ನಾಚಿಕೆಯಾಯಿತು.

ಮಾಳಮ್ಮ ಸೆರಗು ಸಿಕ್ಕಿಸಿಕೊಂಡು ಸ್ಟೇರಿಂಗಿನ ಮುಂದೆ ಕೂತಳು. ಮೊದಲ ಸಲ ಗಾಡಿ ಜಿಗಿದು ಆಫಾಯಿತು. ಮಾಸ್ತರ ಎಡಗಾಲು ಅಭ್ಯಾಸಬಲದಿಂದ ಏಳಲು ನೋಡಿತು, ಏಳಲಾರದೆ ಅಲ್ಲೇ ಬಿದ್ದುಕೊಂಡಿತು. ಎರಡನೇ ಸಲವೂ ಆಫಾಯಿತು. ನಾನು ಏನೂ ಮಾಡಲ್ಲ ಮಾಳಮ್ಮ, ನಿನ್ನ ಕಾಲಿಗೇ ಕೇಳಿಕೋ ಎಂದರು ಮಾಸ್ತರು. ಮೂರನೇ ಸಲ ಗಾಡಿ ಬೆಣ್ಣೆಯ ಮೇಲೆ ಹೋದಂತೆ ಹೊರಟಿತು. ಇಂಜಿನ್ನು ಕೂಗಿದಾಗ ಎರಡು ಕೊಟ್ಟಳು, ಮತ್ತೆ ಕೂಗಿದಾಗ ಮೂರು ಕೊಟ್ಟಳು, ಕೂಗುವುದಕ್ಕಿಂತ ಒಂದು ಕ್ಷಣವೂ ಮುಂಚೆಯಲ್ಲ, ಒಂದು ಕ್ಷಣವೂ ತಡವಲ್ಲ.

ಕೆರೆ ಏರಿಯ ಕಟ್ಟೆಯ ಮೇಲೆ ಊರವರು ಆಗಲೇ ಬಂದು ಪೇಪರು ಹಿಡಿದಿದ್ದರು. ಏರಿನಲ್ಲಿ ಗಾಡಿಯ ಸದ್ದು ಕೇಳಿ ವಕೀಲರು ಬೆರಳೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಮೂರರಿಂದ ಎರಡಕ್ಕೆ ಇಳಿಯಿತು, ಹತ್ತಿತು, ಮತ್ತೆ ಮೂರಕ್ಕೆ ಹೋಯಿತು.

"ಕೇಳಿದ್ರೇನ್ರೀ?" ಎಂದರು ವಕೀಲರು. "ಮಾಸ್ತರ ಕೈಯೇ ಬೇರೆ. ಇಂಥ ಗೇರು ಈ ಊರಲ್ಲಿ ಇನ್ಯಾರಿಗೆ ಬರ್ಬೇಕು?"

ಎಲ್ಲರೂ ಹೌದೆಂದು ತಲೆಯಾಡಿಸಿದರು. ಯಾರೂ ತಲೆಯೆತ್ತಿ ನೋಡಲಿಲ್ಲ. ನೋಡಿದ್ದರೆ ಸ್ಟೇರಿಂಗು ಹಿಡಿದ ಮಾಳಮ್ಮನೂ, ಅವಳ ಪಕ್ಕದ ಎಡಸೀಟಿನಲ್ಲಿ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ ಮಾಸ್ತರೂ ಕಾಣುತ್ತಿದ್ದರು.